ನಮ್ಮ ಮಾವ ನುಂಗಿದ ಗುಂಡಿ

ನಮ್ಮ ಮಾವನವರಿಗೆ ದೇವರು ಬಾಯಿ ಕೊಟ್ಟಿರುವುದು ಮಾತಾಡುವುದಕ್ಕಲ್ಲ, ಗುಂಡುಸೂಜಿ ಇಟ್ಟುಕೊಳ್ಳುವುದಕ್ಕೆ ಎಂದು ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ನಾನು ತೀರ್ಮಾನಿಸಿಬಿಟ್ಟಿದ್ದೆ. ಅವರು ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ. ತಿಂಡಿ ಮುಗಿಸಿ ಮೆಟ್ಟಿಲಿಳಿದ ಕೂಡಲೇ ಡಬ್ಬಿಯಿಂದ ಒಂದು ಚಿಟಿಕೆ ಗುಂಡುಸೂಜಿ ತೆಗೆದು ತುಟಿಗಳ ನಡುವೆ ಸಾಲಾಗಿ ಜೋಡಿಸಿಕೊಂಡರೆಂದರೆ ಊಟದ ಹೊತ್ತಿನವರೆಗೆ ಆ ಬಾಯಿ ತೆರೆಯುತ್ತಿರಲಿಲ್ಲ. ಗುಂಡಿ ಹಚ್ಚುವ ದಿನ ಸೂಜಿಯ ಜಾಗದಲ್ಲಿ ಗುಂಡಿ, ಅಷ್ಟೇ ವ್ಯತ್ಯಾಸ. ಎರಡು ಕೈ ಬಟ್ಟೆ ಹಿಡಿದಿರುವಾಗ ಬಾಯಿಯೇ ಮೂರನೆಯ ಕೈ ಎಂದು ಅವರಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರಂತೆ.

ಮಾತಿನ ಬದಲು ಮಾವನ ಬಳಿ ಇದ್ದದ್ದು 'ಹೂಂ'. ಅದರಲ್ಲಿ ತರಾವರಿ. ಚುಟುಕಾಗಿ ಹೂಂ ಅಂದರೆ ಬಟ್ಟೆ ಹೇಳಿದ ದಿನಕ್ಕೆ ಸಿಗುತ್ತದೆ ಎಂದರ್ಥ. ಎಳೆದು ಹೂಂ ಅಂದರೆ ನೀವು ಹೋದ ಸಲಕ್ಕಿಂತ ದಪ್ಪವಾಗಿದ್ದೀರಿ. ಮೂಗಿನಿಂದ ಬಂದರೆ, ಅಂಥ ಹರಕು ಪ್ಯಾಂಟಿಗೆ ನಾನು ಕೈ ಹಾಕುವುದಿಲ್ಲ. ಗಿರಾಕಿಗಳಿಗೆ ಇದೆಲ್ಲ ಅರ್ಥವಾಗದಿದ್ದಾಗ ಪಕ್ಕದಲ್ಲಿ ಗುಂಡಿ ತೂರುವ ಕಾಜ ಹೊಲಿಯುತ್ತ ಕೂತಿರುವ ಅತ್ತೆ ಬಿಡಿಸಿ ಹೇಳುತ್ತಿದ್ದರು.

ಅತ್ತೆ ಮಾವನಿಗೆ ತದ್ವಿರುದ್ಧ. ಅವರು ಇಸ್ತ್ರಿಪೆಟ್ಟಿಗೆಯ ಜೊತೆಗೂ ಮಾತಾಡುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ತವರಿನ ಕಥೆ, ಬೀದಿಯ ಕಥೆ, ನಿನ್ನೆಯ ಕನಸು ಎಲ್ಲ ಹರಿದು ಬರುತ್ತದೆ, ಎದುರಿಗೆ ಮಾವ ಹೂಂಗುಟ್ಟುತ್ತ ಹೊಲಿಯುತ್ತಾರೆ. "ಬೇಜಾರಾಗಲ್ವಾ ಅತ್ತೆ?" ಎಂದು ಒಂದು ಸಲ ಕೇಳಿದೆ.

"ಬೇಜಾರ್ಯಾಕೆ? ಕಥೆ ಹೇಳೋರಿಗೆ ಹೂಂ ಅನ್ನೋರೊಬ್ಬರು ಸಿಕ್ಕಿದ್ರೆ ಸಾಕಪ್ಪ," ಎಂದರು. ಆದರೆ ಹೇಳುವಾಗ ಅವರ ಮುಖ, ತೊಳೆಯುತ್ತಿದ್ದ ಪಾತ್ರೆಗಳ ಕಡೆಗಿತ್ತು. ಗಂಡನ ಬಾಯಿ ತೆರೆಸುವುದಕ್ಕೆ ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ತಿನ್ನಿಸುವುದು. ಹಾಗಾಗಿ ತಿನ್ನಿಸುತ್ತಿದ್ದರು.

ಇಂಥ ಮಾವನ ಅಂಗಡಿಗೆ ಒಂದು ದಿನ ಬ್ಯಾಂಡ್ ಮಾಸ್ತರರ ಹೆಂಡತಿ ಬಂದರು. ನಮ್ಮ ಉದ್ಯಾನದಲ್ಲಿ ಭಾನುವಾರದ ಸಂಜೆ ಬ್ಯಾಂಡ್ ನುಡಿಸುವ ತಂಡವಿದೆಯಲ್ಲ, ಅದರ ಮಾಸ್ತರರು ತೀರಿಕೊಂಡು ಆಗ ವರ್ಷ ತುಂಬುತ್ತ ಬಂದಿತ್ತು. ಅವರ ನೆನಪಿಗೆ ಮುಂದಿನ ವಾರದ ಭಾನುವಾರ ವಿಶೇಷವಾಗಿ ನುಡಿಸುವುದೆಂದೂ, ಮೊದಲ ಹಾಡಿಗೆ ತಂಡದ ಮುಂದೆ ನಿಂತು ತಾಳ ತೋರಿಸುವ ಕೋಲೆತ್ತಬೇಕಾದವರು ಮಾಸ್ತರರ ಹೆಂಡತಿಯೇ ಎಂದೂ ತಂಡದವರು ಹಟ ಹಿಡಿದಿದ್ದರು. ಆಕೆ ಗಂಡನ ಕೆಂಪು ಕೋಟನ್ನೇ ಹಾಕಿಕೊಂಡು ನಿಲ್ಲುವುದೆಂದು ನಿರ್ಧರಿಸಿ, ಅದನ್ನು ತನ್ನ ಅಳತೆಗೆ ಇಳಿಸಿಕೊಡಿ ಎಂದು ತಂದಿದ್ದರು.

ಕೋಟಿಗೆ ಹಿತ್ತಾಳೆಯ ಆರು ಗುಂಡಿ. ಒಂದೊಂದರ ಮೇಲೂ ಸಣ್ಣದೊಂದು ಕಹಳೆಯ ಅಚ್ಚು. ಮೇಲಿನಿಂದ ಎರಡನೆಯದರಲ್ಲಿ ಮಾತ್ರ ಕಹಳೆಯೇ ಇಲ್ಲ, ಸವೆದು ನುಣ್ಣಗಾಗಿತ್ತು. ಆಕೆ ಅದನ್ನು ತೋರಿಸಿ ಹೇಳಿದರು: "ಕೋಲೆತ್ತೋ ಮುಂಚೆ ಇದನ್ನ ಹೆಬ್ಬೆರಳಲ್ಲಿ ಒಂದ್ಸಲ ಒತ್ತೋರು. ಪ್ರತಿ ಸಲ. ಕೇಳಿದ್ರೆ, ಇಲ್ಲಿಂದಲೇ ಹಾಡು ಶುರುವಾಗೋದು ಅನ್ನೋರು. ಮಿಕ್ಕ ಐದು ಹೋದ್ರೂ ಹೋಗಲಿ ಟೈಲರ್ರೇ, ಇದೊಂದು ಜೋಪಾನ."

ಮಾವ ಹೂಂ ಅಂದರು. ಅಷ್ಟು ಆಳದಿಂದ ಬಂದ ಹೂಂ ನಾನು ಕೇಳಿರಲಿಲ್ಲ. "ಪ್ರಾಣ ಹೋದ್ರೂ ಕಾಪಾಡ್ತಾರಂತೆ," ಎಂದು ಅತ್ತೆ ಅರ್ಥ ಹೇಳಿದರು. ಭಾನುವಾರ ಬೆಳಗ್ಗೆ ಬಂದು ಒಯ್ಯುವುದೆಂದು ಮಾತಾಯಿತು.

ಆ ವಾರದ ಸೋಮವಾರ ಮಧ್ಯಾಹ್ನದ ಹೊತ್ತಿಗೆ ಕೋಟು ಕತ್ತರಿಸಿ ಕೂಡಿಸಿ ಆಗಿತ್ತು. ಐದು ಗುಂಡಿಗಳನ್ನು ಮಾವ ಬಟ್ಟಲಿಗೆ ಹಾಕಿದ್ದರು. ಆರನೆಯದು, ಆ ಹೆಬ್ಬೆರಳಿನ ಗುಂಡಿ, ಕಳೆದುಹೋಗಬಾರದಲ್ಲ ಎಂದು ತಮಗೆ ಗೊತ್ತಿದ್ದ ಅತ್ಯಂತ ಭದ್ರವಾದ ಜಾಗದಲ್ಲಿ ಇಟ್ಟುಕೊಂಡರು. ಬಾಯಲ್ಲಿ.

ಅತ್ತೆ ಊಟಕ್ಕೆ ಕರೆಯಲು ಇಳಿದು ಬಂದವರು ಗೊಂಬೆಗೆ ತೊಡಿಸಿದ್ದ ಕೋಟು ನೋಡಿದರು. ಅವರಿಗೆ ಏನನ್ನಿಸಿತೋ, ಅದನ್ನು ತೆಗೆದು ತಾವೇ ತೊಟ್ಟರು. ತಲೆಗೆ ಪೇಪರಿನ ಟೋಪಿ. ಕೈಯಲ್ಲಿ ಅಳತೆಯ ಮರದ ಪಟ್ಟಿ. ಎರಡೂ ಕೆನ್ನೆ ಊದಿಸಿಕೊಂಡು, ಬಾಯಲ್ಲೇ ಕಹಳೆ ಊದುತ್ತ, ಕತ್ತರಿಸುವ ಮೇಜಿನ ಸುತ್ತ ಕಾಲೆತ್ತಿ ಕಾಲೆತ್ತಿ ನಡೆದರು. ತಿರುವಿನಲ್ಲಿ ಇಸ್ತ್ರಿಪೆಟ್ಟಿಗೆಗೆ ಸಲಾಮು ಬೇರೆ. ನಾನು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವನೂ ನಕ್ಕರು, ಬಾಯಿ ತೆರೆದು.

'ಗುಳುಕ್' ಎಂಬ ಸದ್ದು ಅಂಗಡಿಯಲ್ಲಿದ್ದ ಮೂವರಿಗೂ ಕೇಳಿಸಿತು.

ಮಾವ ಕತ್ತು ಹಿಡಿದುಕೊಂಡು ನಿಂತರು. ಅತ್ತೆಯ ಕೆನ್ನೆ ಊದಿದಂತೆಯೇ ಉಳಿದಿತ್ತು. ನಾನು ಓಡಿಹೋಗಿ ಬೆನ್ನಿಗೆ ಗುದ್ದಬೇಕು ಎನ್ನುವಷ್ಟರಲ್ಲಿ ಮಾವ ಉಸಿರೆಳೆದು, ಬಟ್ಟಲಲ್ಲಿದ್ದ ಗುಂಡಿಗಳನ್ನು ನೋಡಿ, ತಮ್ಮ ಹೊಟ್ಟೆಯನ್ನು ನೋಡಿಕೊಂಡು, "ಅಯ್ಯೋ" ಎಂದರು.

ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದ್ದು ಚುರುಕಾದ ಒಬ್ಬ ಡಾಕ್ಟರಮ್ಮ. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದರು. ಪಕ್ಕೆಲುಬಿನ ಕೆಳಗೆ, ಎಡಕ್ಕೆ, ಹುಣ್ಣಿಮೆ ಚಂದ್ರನಂತೆ ಗುಂಡಿ. ಮಾವ ಕಣ್ಣು ಕಿರಿದು ಮಾಡಿ ನೋಡಿ, "ಬೋರಲು ಬಿದ್ದಿದೆಯೋ ಅಂಗಾತ ಬಿದ್ದಿದೆಯೋ?" ಎಂದು ಕೇಳಿದರು. ಹಗಲು ಹೊತ್ತಿನಲ್ಲಿ ಅವರ ಬಾಯಿಂದ ಪೂರ್ತಿ ವಾಕ್ಯವೊಂದನ್ನು ನಾನು ಕೇಳಿದ್ದು ಅದೇ ಮೊದಲು.

"ಹೇಗೆ ಬಿದ್ದಿದ್ರೂ ಸರಿಯಾದ ದಾರೀಲಿ ಬಿದ್ದಿದೆ, ಅದಕ್ಕೆ ಖುಷಿಪಡಿ," ಎಂದರು ಡಾಕ್ಟರಮ್ಮ. "ಗಂಟಲಲ್ಲಿ ಎರಡು ದಾರಿ. ಒಂದು ಗಾಳಿಗೆ, ಒಂದು ಅನ್ನಕ್ಕೆ. ನುಂಗೋವಾಗ ಗಾಳಿ ದಾರಿ ಮೇಲೆ ಒಂದು ಮುಚ್ಚಳ ಬೀಳುತ್ತೆ. ನಗೋವಾಗ ಅದು ತೆರೆದೇ ಇರುತ್ತೆ. ಅಲ್ಲಿಗೆ ಹೋಗಿದ್ರೆ ನಾವು ಹೀಗೆ ಹರಟೆ ಹೊಡೀತಾ ಇರ್ತಿರಲಿಲ್ಲ. ಇನ್ಮೇಲೆ ಆ ಬಾಯಿಗೆ ಗುಂಡಿಯೂ ಇಲ್ಲ, ಸೂಜಿಯೂ ಇಲ್ಲ. ಗೊತ್ತಾಯ್ತಾ?"

"ನಗಿಸಿದವಳು ನಾನೇ," ಎಂದು ಅತ್ತೆ ಮೆಲ್ಲಗೆ ಅಂದರು.

"ಈಗೇನೂ ಆಗಿಲ್ಲಮ್ಮ. ಗುಂಡಿ ನಯವಾಗಿದೆ, ದುಂಡಗಿದೆ, ಚಿಕ್ಕದು. ಹೆಚ್ಚಿನಂಶ ತಾನಾಗೇ ಹೊರಗೆ ಬರುತ್ತೆ."

"ಭಾನುವಾರದೊಳಗೆ ಬರುತ್ತಾ?" ಮಾವ ಕೇಳಿದರು.

"ಹೊಟ್ಟೆ ನಿಮ್ಮ ಹಾಗೆ ಡೆಲಿವರಿ ತಾರೀಖು ಬರೆದುಕೊಡಲ್ಲ ಯಜಮಾನ್ರೇ. ದಾರಿ ಎಷ್ಟುದ್ದ ಗೊತ್ತಾ?" ಎನ್ನುತ್ತ ಡಾಕ್ಟರಮ್ಮ ಕೈಚಾಚಿ ಮಾವನ ಕೊರಳಲ್ಲಿ ನೇತಾಡುತ್ತಿದ್ದ ಟೇಪನ್ನು ಎಳೆದುಕೊಂಡರು. ಗಾಬರಿಯಲ್ಲಿ ಅದನ್ನು ತೆಗೆದಿಡಲು ನಾವ್ಯಾರೂ ಯೋಚಿಸಿರಲಿಲ್ಲ. "ಅನ್ನದ ಕೊಳವೆ ಒಂದಡಿಗೂ ಕಮ್ಮಿ. ಅದು ಬರೀ ಕೊಳವೆ ಅಲ್ಲ, ಹಿಂಡುತ್ತಾ ಹಿಂಡುತ್ತಾ ಕೆಳಗೆ ತಳ್ಳುತ್ತೆ. ನೀವು ತಲೆಕೆಳಗಾಗಿ ನಿಂತು ನುಂಗಿದ್ರೂ ಹೊಟ್ಟೆಗೇ ಸೇರುತ್ತೆ. ಆಮೇಲೆ ಹೊಟ್ಟೆ ಚೀಲ. ಈಗ ನಿಮ್ಮ ಗುಂಡಿ ಅಲ್ಲಿದೆ. ಅದಾದ ಮೇಲೆ ಸಣ್ಣ ಕರುಳು. ಈ ಟೇಪು ಐದಡಿ ತಾನೇ? ಇದನ್ನ ಸುಮಾರು ನಾಲ್ಕು ಸಲ ಹಾಕಿ. ಕೊನೆಗೆ ದೊಡ್ಡ ಕರುಳು, ಇನ್ನೊಂದು ಟೇಪು."

ಮಾವ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡರು. "ನನ್ನ ಸೊಂಟ ಮೂವತ್ತೆರಡು. ಇಷ್ಟರಲ್ಲಿ ಅಷ್ಟು ಹೇಗೆ ಹಿಡಿಸ್ತು?"

"ನಿಮಗೆ ನಾನು ಹೇಳಬೇಕಾ? ಮಡಿಕೆ ಹಾಕಿ, ನೆರಿಗೆ ಹಿಡಿದು. ಒಂದೇ ವ್ಯತ್ಯಾಸ ಅಂದ್ರೆ, ನೀವು ಬಟ್ಟೆಯ ಒಳ್ಳೇ ಮೈಯನ್ನ ಹೊರಗಿಡ್ತೀರಿ. ಕರುಳಿಗೆ ಒಳ್ಳೇ ಮೈ ಒಳಗಿರುತ್ತೆ. ಮೆತ್ತನೆ ಟವೆಲ್ಲಿನ ಹಾಗೆ, ತುಂಬಾ ಸಣ್ಣ ಸಣ್ಣ ಎಳೆಗಳು. ಪಿತ್ತಕೋಶದಿಂದ ಪಿತ್ತ ಬರುತ್ತೆ, ಇನ್ನೊಂದು ಗ್ರಂಥಿಯಿಂದ ಇನ್ನೊಂದು ರಸ ಬರುತ್ತೆ, ತಿಂದದ್ದೆಲ್ಲ ಕರಗಿ ನೀರಾಗುತ್ತೆ. ಆ ಎಳೆಗಳು ಸಾರವನ್ನ ಹೀರಿ ರಕ್ತಕ್ಕೆ ಕೊಡ್ತವೆ. ಗುಂಡಿ ಮಾತ್ರ ಕರಗಲ್ಲ. ಸುಮ್ಮನೆ ಮೆರವಣಿಗೆ ನೋಡ್ಕೊಂಡು ಹೋಗುತ್ತೆ."

ಮಾವ ತಲೆದೂಗಿದರು. ಕೋಟಿನ ಒಳಬಟ್ಟೆಯಂತೆ ಟವೆಲ್ಲಿನ ಅಸ್ತರು ತಮ್ಮೊಳಗೇ ಇದೆ ಎಂಬುದು ಅವರಿಗೆ ಬಹಳ ಹಿಡಿಸಿದಂತಿತ್ತು. ಹೊಟ್ಟೆ ನೋವು, ವಾಂತಿ ಏನಾದರೂ ಬಂದರೆ ಕೂಡಲೇ ಓಡಿಬನ್ನಿ, ಇಲ್ಲವಾದರೆ ಬುಧವಾರ ಇನ್ನೊಂದು ಎಕ್ಸ್‌ರೇಗೆ ಬನ್ನಿ ಎಂದು ಡಾಕ್ಟರಮ್ಮ ಕಳಿಸಿದರು. ಗುಂಡಿ ಹೊಟ್ಟೆಯಲ್ಲೇ ಕೂತುಬಿಟ್ಟರೆ ಬಾಯಿಂದ ಕೊಳವೆ ಇಳಿಸಿ ತೆಗೆಯಬಹುದು, ಆದರೆ ಅದನ್ನು ಮಾಡುವ ದೊಡ್ಡ ಡಾಕ್ಟರು ಬರುವುದು ಮುಂದಿನ ವಾರ. ಅಷ್ಟರಲ್ಲಿ ಭಾನುವಾರ ಕಳೆದುಹೋಗಿರುತ್ತದೆ.

ಮನೆಗೆ ಬಂದ ಕೂಡಲೇ ಅತ್ತೆ ಸೆರಗು ಸಿಕ್ಕಿಸಿ ಅಡುಗೆಮನೆಗೆ ನುಗ್ಗಿದರು. ಅವರ ಲೆಕ್ಕ ಸರಳ. ಹಿಂದಿನಿಂದ ತಳ್ಳದೆ ಮುಂದಿನದು ಹೇಗೆ ಹೋದೀತು? ಬಾಳೆಹಣ್ಣು ತಳ್ಳಲಿ ಎಂದು ಬಾಳೆಹಣ್ಣು, ಬಾಳೆಹಣ್ಣನ್ನು ತಳ್ಳಲಿ ಎಂದು ಬ್ರೆಡ್ಡು, ಬ್ರೆಡ್ಡು ಜಾರಲಿ ಎಂದು ಬಿಸಿ ಸೂಪು. ಒಂದು ತಟ್ಟೆ ಕೆಳಗಿಡುವಷ್ಟರಲ್ಲಿ ಇನ್ನೊಂದು. ಮಾವ ಗಿರಾಕಿಯ ಪ್ಯಾಂಟಿನ ಅಂಚು ಮಡಿಸುವಾಗಲೂ ಪಕ್ಕದಲ್ಲಿ ಬೇಯಿಸಿದ ಆಲೂಗಡ್ಡೆ. ಬಾಯಲ್ಲಿ ಸೂಜಿ ಇಲ್ಲದಿದ್ದರೂ ಮಾತಿಗೆ ಜಾಗವಿರಲಿಲ್ಲ.

ಮಂಗಳವಾರ ಅಂಗಡಿಗೆ ಇಳಿದು ನೋಡುತ್ತೇನೆ, ಮಾವ ಕಿಟಕಿಯ ಬಳಿ ಅಂಗಿ ಮೇಲೆತ್ತಿ ನಿಂತು, ನೆಲಕ್ಕೆ ಬಿದ್ದ ಸೂಜಿಗಳನ್ನು ಹೆಕ್ಕುವ ಅಯಸ್ಕಾಂತವನ್ನು ಹೊಟ್ಟೆಯ ಮೇಲೆ ಗಂಭೀರವಾಗಿ ಓಡಾಡಿಸುತ್ತಿದ್ದಾರೆ. ಎಡದಿಂದ ಬಲಕ್ಕೆ, ಸ್ವಲ್ಪ ಕೆಳಕ್ಕೆ.

"ಮಾವ, ಏನಿದು?"

"ದಾರಿ ತೋರಿಸ್ತಿದ್ದೀನಮ್ಮ."

"ಮಾವ, ಗುಂಡಿ ಹಿತ್ತಾಳೇದು. ಹಿತ್ತಾಳೆಗೂ ಅಯಸ್ಕಾಂತಕ್ಕೂ ಮಾತುಕತೆ ಇಲ್ಲ."

ಅವರು ಅಯಸ್ಕಾಂತವನ್ನೂ ಹೊಟ್ಟೆಯನ್ನೂ ನೋಡಿ ಅಂಗಿ ಇಳಿಸಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವರ ಮುಖ ನೋಡಿದ ಮೇಲೆ ಪಾಪ ಅನ್ನಿಸಿತು. ಬಟ್ಟೆ ಹಾಳು ಮಾಡಿದರೆಂದು ಯಾರಿಂದಲೂ ಅನ್ನಿಸಿಕೊಂಡವರಲ್ಲ ಅವರು.

ಬುಧವಾರದ ಎಕ್ಸ್‌ರೇಯಲ್ಲಿ ಚಂದ್ರ ಇದ್ದಲ್ಲೇ ಇದ್ದ. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, "ಏನೇನು ತಿಂತಿದ್ದೀರಿ?" ಎಂದರು. ಅತ್ತೆ ಹೆಮ್ಮೆಯಿಂದ ಒಂದೊಂದಾಗಿ ಒಪ್ಪಿಸಿದರು. ಅವರು ಸೂಪಿನ ತನಕ ಬರುವಷ್ಟರಲ್ಲಿ ಡಾಕ್ಟರಮ್ಮ ತಲೆಯ ಮೇಲೆ ಕೈ ಹೊತ್ತುಕೊಂಡರು.

"ಅಮ್ಮಾ, ಹೊಟ್ಟೆಗೆ ಎರಡು ಕೆಲಸ. ಊಟ ಬಂದಾಗ ಅರೆಯೋದು. ಅರೆದು ನುಣ್ಣಗಾದದ್ದನ್ನ ಮಾತ್ರ ಕೆಳಗಿನ ಬಾಗಿಲು ಒಂಚೂರು ಒಂಚೂರೇ ಬಿಡುತ್ತೆ. ಗಟ್ಟಿಯಾದದ್ದು ಬಂದ್ರೆ, ಇನ್ನೂ ಆಗಿಲ್ಲ, ನಡಿ ವಾಪಸ್, ಅಂತ ಒಳಗೇ ತಳ್ಳುತ್ತೆ. ಎರಡನೇ ಕೆಲಸ ಊಟವೆಲ್ಲ ಖಾಲಿಯಾದ ಮೇಲೆ. ಆಗ ಹೊಟ್ಟೆ ಪೊರಕೆ ಹಿಡಿಯುತ್ತೆ. ಮೇಲಿಂದ ಒಂದು ಜೋರು ಅಲೆ ಬರುತ್ತೆ, ಬಾಗಿಲು ಅಗಲವಾಗಿ ತೆಗೆಯುತ್ತೆ, ಅರೆಯೋಕಾಗದ ಸಿಪ್ಪೆ, ಬೀಜ, ಏನಿದ್ರೂ ಗುಡಿಸಿ ಕಳಿಸುತ್ತೆ. ಹಸಿದಾಗ ಗುರ್ ಅನ್ನುತ್ತಲ್ಲ, ಗುಡಿಸೋ ಸದ್ದು ಅದು. ನಡುವೆ ಒಂದು ತುತ್ತು ಬಿದ್ರೂ ಸಾಕು, ಪೊರಕೆ ಮೂಲೆಗೆ ಹೋಗುತ್ತೆ, ಮತ್ತೆ ಅರೆಯೋಕೆ ಕೂತ್ಕೊಳ್ಳುತ್ತೆ."

ಅತ್ತೆಯ ಮುಖ ಬಾಡಿತು. "ಹಾಗಾದ್ರೆ ಬಾಗಿಲಿಗೆ ಅಡ್ಡ ನಿಂತವಳು ನಾನೇನಾ?"

"ಊಟ ಹಾಕಿ. ಹೊಟ್ಟೆ ತುಂಬಾ ಹಾಕಿ. ಆಮೇಲೆ ಮುಂದಿನ ಊಟದವರೆಗೆ ಬರೀ ನೀರು. ನಡೀಲಿ, ಓಡಾಡಲಿ, ಮಾತಾಡಲಿ. ಹೊಟ್ಟೇನ ಅದರ ಪಾಡಿಗೆ ಬಿಡಿ."

ಮನೆಗೆ ಬರುವ ದಾರಿಯಲ್ಲಿ ಅತ್ತೆ ಒಂದು ಮಾತೂ ಆಡಲಿಲ್ಲ. ಮೊದಲು ನಗಿಸಿ ನುಂಗಿಸಿದೆ, ಆಮೇಲೆ ತಿನ್ನಿಸಿ ತಡೆದೆ ಎಂದು ಅವರೊಳಗೆ ಕುದಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ನನ್ನ ಅತ್ತೆ ಸುಮ್ಮನಿರುವುದನ್ನು ನೋಡಲು ನನಗೆ ಇಷ್ಟವಿಲ್ಲ, ಅದಕ್ಕಿಂತ ಅವರು ಬೈದರೇ ವಾಸಿ.

ಅಂದು ಬೇಗ ಊಟವಾಯಿತು. ಸಂಜೆ ನಾನು ಒಣಗಿದ ಬಟ್ಟೆ ತೆಗೆದುಕೊಂಡು ಇಳಿಯುತ್ತಿದ್ದಾಗ ಅವರಿಬ್ಬರೂ ಅಂಗಡಿಯ ಬೆಂಚಿನ ಮೇಲೆ ಪಕ್ಕಪಕ್ಕ ಕೂತಿದ್ದರು. ಮಾವನ ಬಾಯಲ್ಲಿ ಸೂಜಿಯಿಲ್ಲ, ಅತ್ತೆಯ ಕೈಯಲ್ಲಿ ತಟ್ಟೆಯಿಲ್ಲ. ಹೆಣ್ಣು ನೋಡುವ ಶಾಸ್ತ್ರಕ್ಕೆ ಕೂರಿಸಿದ ಹುಡುಗ ಹುಡುಗಿಯಂತೆ ಇಬ್ಬರಿಗೂ ಏನು ಮಾಡಬೇಕೆಂದು ತೋಚದು. ನಾನು ಮೆಟ್ಟಿಲ ತಿರುವಿನಲ್ಲೇ ನಿಂತೆ. ಕದ್ದು ಕೇಳುವುದು ಕೆಟ್ಟದ್ದು, ನಿಜ. ಆದರೂ ಕೇಳಿದೆ.

ಕೊನೆಗೆ ಮಾವ ಗಂಟಲು ಸರಿಮಾಡಿಕೊಂಡರು. "ಆ ಕುಂಟು ನಾಯಿ ಏನಾಯ್ತೇ?"

"ಯಾವ ನಾಯಿ?"

"ನಿಮ್ಮ ಶಾಲೆ ಗೇಟಿನ ಹತ್ರ ಇತ್ತಲ್ಲ. ದಿನಾ ನಿನ್ನ ಬುತ್ತೀಲಿ ಪಾಲು ಕೇಳೋದು. ಒಂದಿನ ಬರ್ಲೇ ಇಲ್ಲ ಅಂದಿದ್ದೆ."

"ಅಯ್ಯೋ, ಅದನ್ನ ಯಾವಾಗ ಹೇಳಿದ್ದು ನಾನು?"

"ಮದುವೆಯಾದ ಹೊಸದರಲ್ಲಿ. ಅಷ್ಟರಲ್ಲಿ ಯಾರೋ ಗಿರಾಕಿ ಬಂದ್ರು, ನೀನು ಎದ್ದುಹೋದೆ. ಆಮೇಲೆ ಕೇಳೋಣ ಅಂದ್ರೆ ಬಾಯಲ್ಲಿ ಸೂಜಿ."

ಅತ್ತೆ ಗಂಡನ ಮುಖವನ್ನೇ ನೋಡಿದರು. ಮಾವನ ಮಾತು ಅಲ್ಲಿಗೆ ನಿಲ್ಲಲಿಲ್ಲ. ನಿನ್ನ ಚಿಕ್ಕಮ್ಮ ಆ ಹಸಿರು ಟ್ರಂಕಿನ ಬೀಗ ಒಡೆದಳೋ ಇಲ್ಲವೋ? ಕನಸಲ್ಲಿ ಸೇತುವೆ ಮೇಲೆ ನಿಂತಿದ್ದೆಯಲ್ಲ, ದಾಟಿದೆಯಾ? ಇಷ್ಟು ವರ್ಷ ಹೂಂಗುಟ್ಟಿದ ಕಥೆಗಳೆಲ್ಲ ಒಂದೂ ಬಿಡದೆ ಒಳಗೆ ಕೂತಿದ್ದವು. ಅತ್ತೆ ಮೊದಲು ತೊದಲಿದರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಆಮೇಲೆ ಅವರೂ ಶುರುಮಾಡಿದರು. ನಾಯಿಯನ್ನು ಹಾಲಿನವನು ಸಾಕಿಕೊಂಡಿದ್ದನಂತೆ. ನಾನು ಬಟ್ಟೆ ರಾಶಿ ಅಪ್ಪಿಕೊಂಡು ಮೆಟ್ಟಿಲ ಮೇಲೇ ಕೂತೆ.

ಮಾತಿನ ಮಧ್ಯೆ ಮಾವನ ಹೊಟ್ಟೆ ಗುರ್ ಎಂದಿತು. ಇಬ್ಬರೂ ಗಪ್‌ಚಿಪ್. ಮತ್ತೊಮ್ಮೆ, ಉದ್ದವಾಗಿ, ಗುರ್ರ್.

"ರೀ, ಪೊರಕೆ!" ಎಂದು ಅತ್ತೆ ಗಂಡನ ಹೊಟ್ಟೆಗೆ ಕಿವಿ ಹಚ್ಚಿದರು. ಮಾವ ಉಸಿರು ಬಿಗಿಹಿಡಿದು ಕೂತರು. ಹಸಿವಾಗ್ತಿದೆಯಾ ಎಂದು ಕೇಳಲು ಬಂದ ಮಾತನ್ನು ಅತ್ತೆ ನುಂಗಿಕೊಂಡದ್ದು ನನಗೆ ಸ್ಪಷ್ಟವಾಗಿ ಕಂಡಿತು. ಅವರು ಮಾಡಿದ ಅತಿ ಕಷ್ಟದ ತ್ಯಾಗ ಅದೇ ಇರಬೇಕು.

ಮರುದಿನದಿಂದ ಮಾವ ಬೇರೆಯೇ ಮನುಷ್ಯ. ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಕರುಳಿನ ದಾರಿ ಬರೆದರು. ಟೇಪು ಹಾಕಿ ಅಳೆದು, ಮಡಿಸಿ ಮಡಿಸಿ ಸಣ್ಣ ಕರುಳು, ಅದರ ಸುತ್ತ ಚೌಕಟ್ಟಿನಂತೆ ದೊಡ್ಡ ಕರುಳು. ಬಟ್ಟೆ ಕೊಡಲು ಬಂದವರಿಗೆಲ್ಲ ವಿವರಣೆ. "ಇಲ್ಲಿಗೆ ಬಂದ್ಮೇಲೆ ಬಲಗಡೆ ಮೇಲಕ್ಕೆ ಹತ್ತಬೇಕು, ಆಮೇಲೆ ಅಡ್ಡ, ಆಮೇಲೆ ಎಡಗಡೆ ಇಳೀಬೇಕು. ಇಲ್ಲಿ ಅವಸರ ನಡೆಯಲ್ಲ. ಉಳಿದ ನೀರನ್ನೆಲ್ಲ ನಿಧಾನಕ್ಕೆ ಹಿಂಡ್ಕೊಳ್ಳುತ್ತೆ. ಒಳ್ಳೇ ಕ್ರಿಮಿಗಳು ಕೋಟಿ ಕೋಟಿ ಇಲ್ಲೇ ಸಂಸಾರ ಹೂಡಿರ್ತವೆ, ನಮಗೆ ಅರಗದ ನಾರು ಅವಕ್ಕೆ ಊಟ." ಹೂಂ ಎನ್ನುವ ಸರದಿ ಈಗ ಗಿರಾಕಿಗಳದ್ದು. ಗುಂಡಿಯ ವಿಷಯ ಮಾತ್ರ ಹೇಳಲಿಲ್ಲ. ಟೈಲರ್ರಿಗೆ ಇದ್ದಕ್ಕಿದ್ದಂತೆ ಏನಾಯಿತು ಎಂದು ಬೀದಿಯೆಲ್ಲ ಮೂಗಿನ ಮೇಲೆ ಬೆರಳಿಟ್ಟಿತು.

ಬೆಳಗಿನ ತಪಾಸಣೆಯ ವಿವರ ನಿಮಗೆ ಬೇಡ. ಅದಕ್ಕೆ ಒಂದು ಜರಡಿ ಬೇಕಿತ್ತು, ಮಾವ ಚಹಾ ಸೋಸುವುದರ ಕಡೆ ಕೈ ಚಾಚಿದಾಗ ಅತ್ತೆ ಕಿರುಚಿದ್ದು ಮೂರನೆಯ ಮನೆಗೆ ಕೇಳಿಸಿತು, ಕೊನೆಗೆ ಹೂಕುಂಡದ ಮಣ್ಣು ಜಾಲಿಸುವ ಹಳೆಯ ಜರಡಿ ಸಿಕ್ಕಿತು ಎಂದಷ್ಟೇ ಹೇಳುತ್ತೇನೆ. ಗುರುವಾರ ಏನೂ ಇಲ್ಲ. ಶುಕ್ರವಾರವೂ ಇಲ್ಲ. ಶನಿವಾರ ಮಾವ ಜರಡಿ ಹಿಡಿದು ಹಿತ್ತಲಿಂದ ಬರುವಾಗ ಮುಖ ನೋಡಿಯೇ ತಿಳಿಯಿತು.

ಕೋಟು ಇಸ್ತ್ರಿಯಾಗಿ ತೂಗುತ್ತಿತ್ತು. ಐದು ಗುಂಡಿ, ಮೇಲಿನಿಂದ ಎರಡನೆಯ ಜಾಗ ಖಾಲಿ. ನಾನು ಪೇಟೆ ಸುತ್ತಿ ಹಿತ್ತಾಳೆ ಗುಂಡಿ ಹುಡುಕಿ ತಂದಿದ್ದೆ. ಅಳತೆ ಅದೇ, ಹೊಳಪೂ ಅದೇ, ತಿಕ್ಕಿ ನುಣ್ಣಗೂ ಮಾಡಬಹುದಿತ್ತು. ಮಾವ ಅದನ್ನು ಅಂಗೈಯಲ್ಲಿಟ್ಟು ನೋಡಿ ನನಗೇ ವಾಪಸ್ ಕೊಟ್ಟರು.

"ಕತ್ತರಿ ತಪ್ಪಿದ್ರೆ ಬೇರೆ ಬಟ್ಟೆ ತಂದುಕೊಡಬಹುದಮ್ಮ. ಹೆಬ್ಬೆರಳು ಎಲ್ಲಿಂದ ತರಲಿ? ನಾಳೆ ಬಂದಾಗ ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ಅತ್ತೆ ಅವರ ಪಕ್ಕ ಕೂತು, "ನಾನೂ ಇರ್ತೀನಿ," ಎಂದರು.

ಭಾನುವಾರ ಬೆಳಗ್ಗೆ ನಾನು ಹಾಲು ಕಾಯಿಸುತ್ತಿದ್ದೆ. ಹಿತ್ತಲಿಂದ ಟಣ್ ಎಂಬ ಸಣ್ಣ ಸದ್ದು ಬಂತು. ಆಮೇಲೆ ಮಾವನ ಕೂಗು. ಹೂಂ ಅಲ್ಲ, ಅಯ್ಯೋ ಅಲ್ಲ, ಅತ್ತೆಯ ಹೆಸರು. ಬೀದಿಗೆಲ್ಲ ಕೇಳುವಂತೆ ಅವರು ಹೆಂಡತಿಯ ಹೆಸರು ಹಿಡಿದು ಕರೆದಿದ್ದನ್ನು ನಾನಂತೂ ಕೇಳಿರಲಿಲ್ಲ. ಅತ್ತೆ ಸೌಟು ಬಿಸಾಕಿ ಓಡಿದರು. ಹಾಲು ಉಕ್ಕಿಹೋಯಿತು, ಹೋಗಲಿ.

ಗುಂಡಿ ಕಪ್ಪಾಗಿತ್ತು. ಹೊಟ್ಟೆಯ ಹುಳಿ, ಕರುಳಿನ ಗಾಳಿ, ಎಲ್ಲದರ ಗುರುತೂ ಅದರ ಮೇಲಿತ್ತು. ಅತ್ತೆ ಅದನ್ನು ಸೋಪಿನಲ್ಲಿ ತೊಳೆದರು, ಕ್ರಿಮಿ ಸಾಯಿಸುವ ಮದ್ದಿನ ನೀರಿನಲ್ಲಿ ತೊಳೆದರು, ಹಳೆಯ ಡಬ್ಬಿಯಲ್ಲಿ ಕುದಿಸಿದರು, ನಿಂಬೆಹೋಳಿಗೆ ಉಪ್ಪು ಹಚ್ಚಿ ಉಜ್ಜಿದರು. ಉಜ್ಜುತ್ತ ಉಜ್ಜುತ್ತ ಹಿತ್ತಾಳೆಯ ಹಳದಿ ಮೇಲೆದ್ದು ಬಂತು. ಸವೆದ ಆ ನುಣುಪು ಹಾಗೇ ಇತ್ತು.

ಮಾವ ಸೂಜಿಗೆ ದಾರ ಪೋಣಿಸುತ್ತಿದ್ದಾಗಲೇ ಬ್ಯಾಂಡ್ ಮಾಸ್ತರರ ಹೆಂಡತಿ ಬಾಗಿಲಲ್ಲಿ. "ಆಯ್ತಾ ಟೈಲರ್ರೇ?"

"ಕೂತ್ಕೊಳ್ಳಿ, ಒಂದೇ ಒಂದು ಗುಂಡಿ," ಎಂದರು ಮಾವ. ಆಕೆ ಅವರ ದನಿ ಕೇಳಿಯೇ ಬೆಚ್ಚಿದರು. ಮಾವ ಎಡಗೈಯಲ್ಲಿ ಕೋಟು ಹಿಡಿದರು, ಬಲಗೈಯಲ್ಲಿ ಸೂಜಿ ಇತ್ತು. ಗುಂಡಿ ಇಡಲು ಮೂರನೆಯ ಕೈ ಬೇಕಾಯಿತು. ಬದುಕಿಡೀ ಮಾಡಿದ ಅಭ್ಯಾಸ. ಗುಂಡಿ ನೆಟ್ಟಗೆ ತುಟಿಯ ಕಡೆ ಹೊರಟಿತು.

"ಮಾವಾ!" ನಾನು ಕಿರುಚಿದೆ. "ರೀ! ಬಾಯಿ!" ಅತ್ತೆ ಹಾರಿಬಂದು ಮಣಿಕಟ್ಟು ಹಿಡಿದರು. ಗುಂಡಿ ತುಟಿಗೆ ಎರಡಂಗುಲ ದೂರದಲ್ಲಿ ನಿಂತಿತು. ಮಾವ ಅದನ್ನು ನೋಡಿದರು, ಅದು ಬಂದ ದಾರಿಯನ್ನು ನೆನೆಸಿಕೊಂಡರು, ಮುಖ ಕಿವುಚಿಕೊಂಡು ಅದನ್ನು ಅತ್ತೆಯ ಅಂಗೈಗೆ ಹಾಕಿದರು. ಮೊದಲು ಅತ್ತೆ ನಕ್ಕರು, ಆಮೇಲೆ ನಾನು, ಆಮೇಲೆ ಮಾವ, ಈ ಸಲ ಬಾಯಿ ಖಾಲಿ ಇತ್ತಾದ್ದರಿಂದ ಧಾರಾಳವಾಗಿ.

"ಏನಾಯ್ತು? ನನಗೂ ಹೇಳಿ," ಎಂದು ಆಕೆ ಕೇಳಿದಾಗ ನಗು ನಿಂತಿತು. ಹೇಳದೆಯೂ ಬಿಡಬಹುದಿತ್ತು. ಗುಂಡಿ ಹೊಳೆಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಮಾವ ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಮೇಜಿನ ಮೇಲಿನ ಸೀಮೆಸುಣ್ಣದ ದಾರಿ ತೋರಿಸುತ್ತ, ಪೇಪರಿನ ಟೋಪಿಯಿಂದ ಜರಡಿಯವರೆಗೆ ಒಂದೂ ಮುಚ್ಚಿಡದೆ ಹೇಳಿದರು. "ಜೋಪಾನ ಅಂದಿದ್ರಿ. ನಾನು ಅತಿ ಜೋಪಾನ ಮಾಡಿಬಿಟ್ಟೆ. ತಪ್ಪಾಯ್ತಮ್ಮ. ಬೇಡ ಅನ್ನಿಸಿದ್ರೆ ಬೇರೆ ಗುಂಡಿ ಇದೆ, ಹಚ್ಚಿಕೊಡ್ತೀನಿ."

ಆಕೆಯ ಮುಖ ಗಂಭೀರವಾಗಿತ್ತು. ಅತ್ತೆಯ ಅಂಗೈಯಲ್ಲಿದ್ದ ಗುಂಡಿಯನ್ನು ಬಾಗಿ ನೋಡಿದರು. "ತೊಳೆದಿದ್ದೀರಾ?"

"ನನ್ನ ಕೈ ಚರ್ಮ ಸವೆಯೋ ಹಾಗೆ," ಎಂದರು ಅತ್ತೆ.

"ನಮ್ಮನೆಯವರು ಇದ್ದಿದ್ರೆ ಈ ಕಥೇನ ಪ್ರತಿ ಭಾನುವಾರ ಹೇಳಿ ಉದ್ಯಾನವನ್ನೇ ನಗಿಸ್ತಿದ್ರು," ಎಂದರು ಆಕೆ. ತುಟಿ ಬಿರಿಯಿತು, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕರು. "ಅದನ್ನೇ ಹಚ್ಚಿ. ಗಟ್ಟಿಯಾಗಿ."

ಅತ್ತೆ ಅಂಗೈ ಚಾಚಿ ಹಿಡಿದರು, ಮಾವ ಅಲ್ಲಿಂದ ಗುಂಡಿ ತೆಗೆದು ಹಚ್ಚಿದರು.

ಸಂಜೆ ನಾವೆಲ್ಲ ಉದ್ಯಾನಕ್ಕೆ ಹೋದೆವು. ಕೆಂಪು ಕೋಟು ತೊಟ್ಟು ಆಕೆ ತಂಡದ ಎದುರು ನಿಂತರು. ವಾದ್ಯಗಳು ಮೇಲೆದ್ದವು. ಆಕೆ ಕೋಲೆತ್ತುವ ಮುಂಚೆ ಎಡಗೈಯ ಹೆಬ್ಬೆರಳನ್ನು ಮೇಲಿನಿಂದ ಎರಡನೆಯ ಗುಂಡಿಯ ಮೇಲಿಟ್ಟು ಒತ್ತಿದರು. 'ಇಲ್ಲಿಂದಲೇ ಹಾಡು ಶುರು' ಎಂಬ ಮಾತು ನೆನಪಾಗಿ ನಾನು ತಿರುಗಿ ನೋಡಿದೆ. ಪಕ್ಕದಲ್ಲಿ ಮಾವನ ಕೈ ತಮ್ಮ ಹೊಟ್ಟೆಯ ಮೇಲಿತ್ತು.

ಕೋಲು ಮೇಲೆದ್ದಿತು, ಹಾಡು ಶುರುವಾಯಿತು. ಮಾವ ಅತ್ತೆಯ ಕಡೆ ಬಾಗಿ, "ಆ ಹಾಲಿನವನು ನಾಯಿಗೆ ಏನು ಹೆಸರಿಟ್ಟಿದ್ದ?" ಎಂದು ಶುರುಮಾಡಿದರು. ಹಿಂದಿನ ಸಾಲಿನವರು ಶ್ ಎಂದರು. ನಾನೂ ಶ್ ಎಂದೆ. ಅತ್ತೆ ಮಾತ್ರ ಅನ್ನಲಿಲ್ಲ. ಅವರು ಗಂಡನ ಕಡೆ ತಿರುಗಿ ಕೂತು, ಇನ್ನೇನಿದ್ದರೂ ಕೇಳಿ ಎನ್ನುವಂತೆ, ಹೂಂ ಅಂದರು.